ಒಂದೇ ಐಸಿಯು, ಕೇಸ್ ಶೀಟಿನಲ್ಲಿ ಒಂದೇ ಹೆಸರು. ಚಿಕಿತ್ಸೆ ಮಾತ್ರ ಬೇರೆ ಯಾಕೆ?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನಮ್ಮ ಕಾಕಾ (58 ವರ್ಷ, ಸಕ್ಕರೆ ಕಾಯಿಲೆ ಇದೆ) ಮತ್ತು ನಮ್ಮ ಓಣಿಯ ಇನ್ನೊಬ್ಬರು (44 ವರ್ಷ) ಬೆಳಗಾವಿಯಲ್ಲಿ ಒಂದೇ ಆಸ್ಪತ್ರೆಯ ಒಂದೇ ಐಸಿಯುದಲ್ಲಿ ವೆಂಟಿಲೇಟರ್ ಮೇಲೆ ಇದ್ದರು. ಇಬ್ಬರ ಕೇಸ್ ಶೀಟಿನಲ್ಲೂ ‘ವೈರಲ್ ನ್ಯುಮೋನಿಯಾ, ಎಆರ್‌ಡಿಎಸ್’ ಎಂದೇ ಇತ್ತು. ಕಾಕಾಗೆ ಜ್ವರ ಬಂದು ನಾಲ್ಕನೇ ದಿನ, ಎಚ್1ಎನ್1 ಪಾಸಿಟಿವ್, ಪಿಎಫ್ ರೇಶಿಯೋ 190, ಬಿಪಿ ಕಡಿಮೆ. ಓಣಿಯವರಿಗೆ ಹತ್ತನೇ ದಿನ, ಕೋವಿಡ್ ಪಾಸಿಟಿವ್, ಪಿಎಫ್ 110. ಅವರಿಗೆ ಹೋದ ದಿನವೇ ಸ್ಟೆರಾಯ್ಡ್ ಹಾಕಿದರು, ಡಬ್ಬ (ಬೋರಲು) ಮಲಗಿಸಿದರು, ಸಲಾಯಿನ್ ಕಡಿಮೆ ಮಾಡಿದರು. ಕಾಕಾಗೆ ಸ್ಟೆರಾಯ್ಡ್ ಇಲ್ಲ, ಡಬ್ಬ ಮಲಗಿಸಲಿಲ್ಲ, ಸಲಾಯಿನ್ ಮಾತ್ರ ಮೇಲಿಂದ ಮೇಲೆ ಏರಿಸಿದರು. ಇಬ್ಬರೂ ಗುಣವಾಗಿ ಮನೆಗೆ ಬಂದಿದ್ದಾರೆ, ಆದರೂ ಮನೆಯಲ್ಲಿ ಈ ಮಾತು ನಿಂತಿಲ್ಲ. ರೋಗಿಗಳನ್ನು ಹೀಗೆ ಬೇರೆ ಬೇರೆ ಗುಂಪು ಮಾಡುವುದು ಯಾವ ಆಧಾರದ ಮೇಲೆ? ಅದಕ್ಕೆ ರಕ್ತ ಪರೀಕ್ಷೆ ಇದೆಯೇ? ನನ್ನ ತಂಗಿ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್. ಅವಳ ಮಟ್ಟದಲ್ಲಿ ಏನು ಮಾಡಬಹುದು?
— ಒಬ್ಬ ಓದುಗರು, ಜಮಖಂಡಿ

ಉತ್ತರ: ನೀವು ಬರೆದ ಅಂಕಿಗಳಲ್ಲೇ ಅರ್ಧ ಉತ್ತರ ಇದೆ. ನಾಲ್ಕನೇ ದಿನ ಮತ್ತು ಹತ್ತನೇ ದಿನ, 190 ಮತ್ತು 110, ಎಚ್1ಎನ್1 ಮತ್ತು ಕೋವಿಡ್, ಒಬ್ಬರಿಗೆ ಬಿಪಿ ಬಿದ್ದಿದೆ, ಇನ್ನೊಬ್ಬರಿಗೆ ಇಲ್ಲ. ಕೇಸ್ ಶೀಟಿನ ಮೇಲಿನ ಹೆಸರು ಒಂದೇ ಆಗಿದ್ದರೂ ವೈದ್ಯರ ಕಣ್ಣಿಗೆ ಇವರಿಬ್ಬರೂ ಬೇರೆ ಬೇರೆ ರೋಗಿಗಳು.

ಎಆರ್‌ಡಿಎಸ್ ಅಂದರೆ ಒಂದು ರೋಗವಲ್ಲ, ಪುಪ್ಪುಸ ತಲುಪಿದ ಒಂದು ಸ್ಥಿತಿ. 1967ರಲ್ಲಿ ಹನ್ನೆರಡು ರೋಗಿಗಳನ್ನು ನೋಡಿ ಅದನ್ನು ಮೊದಲು ವಿವರಿಸಿದರು. ಆ ಹನ್ನೆರಡು ಮಂದಿಗೂ ಕಾರಣ ಒಂದೇ ಆಗಿರಲಿಲ್ಲ. ಇವತ್ತಿಗೂ ವ್ಯಾಖ್ಯೆ ನಿಂತಿರುವುದು ಲಕ್ಷಣಗಳ ಮೇಲೆ: ತೊಂದರೆ ಶುರುವಾಗಿ ಒಂದು ವಾರದೊಳಗೆ ಉಸಿರು ಕೆಟ್ಟಿರಬೇಕು, ಎರಡೂ ಬದಿಯ ಪುಪ್ಪುಸ ಎಕ್ಸ್‌ರೇಯಲ್ಲಿ ಬೆಳ್ಳಗಾಗಿರಬೇಕು, ಅದು ಹೃದಯದ ವೈಫಲ್ಯದಿಂದ ಮಾತ್ರ ಆಗಿರಬಾರದು, ರಕ್ತಕ್ಕೆ ಆಕ್ಸಿಜನ್ ಸಾಕಷ್ಟು ಏರುತ್ತಿರಬಾರದು. ಪಿಎಫ್ ರೇಶಿಯೋ ಈ ಕೊನೆಯದನ್ನು ಅಳೆಯುವ ಲೆಕ್ಕ. ಅಪಧಮನಿಯ ರಕ್ತದ ಆಕ್ಸಿಜನ್ ಒತ್ತಡವನ್ನು ಕೊಡುತ್ತಿರುವ ಆಕ್ಸಿಜನ್ನಿನ ಭಾಗದಿಂದ ಭಾಗಿಸಬೇಕು. ಒತ್ತಡ 66, ಕೊಡುತ್ತಿರುವುದು ಶೇ. 60 ಅಂದರೆ 0.6, ಪಿಎಫ್ 110. ಇದು 200ರಿಂದ 300 ಇದ್ದರೆ ಸೌಮ್ಯ, 100ರಿಂದ 200 ಇದ್ದರೆ ಮಧ್ಯಮ, 100 ಅಥವಾ ಕೆಳಗೆ ತೀವ್ರ. 2012ರಲ್ಲಿ ಒಪ್ಪಿದ ಬರ್ಲಿನ್ ವ್ಯಾಖ್ಯೆಯ ಮೆಟ್ಟಿಲುಗಳಿವು. ಪುಪ್ಪುಸ ಎಷ್ಟು ಕೆಟ್ಟಿದೆ ಎಂಬುದು ಇದರಿಂದ ತಿಳಿಯುತ್ತದೆ. ಯಾಕೆ ಕೆಟ್ಟಿದೆ, ಯಾವ ಔಷಧ ಹಿಡಿಸುತ್ತದೆ ಎಂಬುದು ತಿಳಿಯುವುದಿಲ್ಲ. ಗುಂಪು ಮಾಡುವ ಕೆಲಸ ಬೇಕಾಗುವುದು ಅದಕ್ಕೇ.

ಮೊದಲ ಜರಡಿ: ಇದು ನಿಜಕ್ಕೂ ವೈರಸ್ಸೇ? ಎಡವುವುದು ಹೆಚ್ಚಾಗಿ ಇಲ್ಲೇ. ಎರಡೂ ಪುಪ್ಪುಸ ಬೆಳ್ಳಗಾದ ಜ್ವರದ ರೋಗಿ ಬಂದರೆ ಟಿಬಿ, ಸ್ಕ್ರಬ್ ಟೈಫಸ್, ಹೃದಯದ ತೊಂದರೆ, ಮೂತ್ರಪಿಂಡ ಕೆಟ್ಟು ನೀರು ತುಂಬಿದ್ದು, ಇವೆಲ್ಲ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದ ಕಪ್ಪು ಹಕ್ಕಳೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಅಡಗಿರುತ್ತದೆ. ಬಟ್ಟೆ ಸರಿಸಿ ಹುಡುಕದಿದ್ದರೆ ಸಿಗುವುದಿಲ್ಲ, ಸಿಕ್ಕರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧ ಜೀವ ಉಳಿಸುತ್ತದೆ. ವೈರಸ್ಸಿನ ಪರೀಕ್ಷೆಯಲ್ಲೂ ಒಂದು ಮೋಸ ಇದೆ. ಸೋಂಕು ಪುಪ್ಪುಸದ ಆಳಕ್ಕೆ ಇಳಿದ ಮೇಲೆ ಮೂಗು-ಗಂಟಲಿನ ಸ್ವಾಬ್ ನೆಗೆಟಿವ್ ಬರಬಹುದು. ಟ್ಯೂಬ್ ಹಾಕಿದ ರೋಗಿಯಾದರೆ ಶ್ವಾಸನಾಳದಿಂದ ಎಳೆದ ಕಫವನ್ನೂ ಕಳಿಸಬೇಕು. ಫ್ಲೂ ಅನುಮಾನ ಇದ್ದರೆ ರಿಪೋರ್ಟಿಗೆ ಕಾಯದೆ ಒಸೆಲ್ಟಾಮಿವಿರ್ ಶುರು ಮಾಡಬೇಕು: 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ನುಂಗಲಾಗದಿದ್ದರೆ ಮೂಗಿನಿಂದ ಹೊಟ್ಟೆಗೆ ಹಾಕುವ ರೈಲ್ಸ್ ಟ್ಯೂಬಿನಲ್ಲಿ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿದ್ದರೆ ಡೋಸ್ ಇಳಿಸಬೇಕು.

ಎರಡನೆಯದು ದಿನದ ಲೆಕ್ಕ. ಮೊದಲ ಕೆಲವು ದಿನ ವೈರಸ್ ತಾನೇ ಹಾನಿ ಮಾಡುತ್ತಿರುತ್ತದೆ. ವಾರ ಕಳೆದ ಮೇಲೆ ಕೋವಿಡ್‌ನಲ್ಲಿ ಹೆಚ್ಚಿನ ಹಾನಿ ಮಾಡುವುದು ದೇಹದ ಸ್ವಂತ ಉರಿಯೂತ. ಸ್ಟೆರಾಯ್ಡ್ ಆ ಉರಿಯೂತವನ್ನು ಕೆಳಗಿಳಿಸುತ್ತದೆ, ವೈರಸ್ಸನ್ನು ಕೊಲ್ಲುವುದಿಲ್ಲ. 2020ರ ರಿಕವರಿ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಲಿಗ್ರಾಂನಂತೆ ಹತ್ತು ದಿನದವರೆಗೆ ಕೊಟ್ಟರು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಬರಿ ಆಕ್ಸಿಜನ್ ಮೇಲಿದ್ದವರಲ್ಲಿ 26.2ರಿಂದ 23.3ಕ್ಕೆ. ಆಕ್ಸಿಜನ್ ಬೇಡವಾಗಿದ್ದವರಲ್ಲಿ ಮಾತ್ರ ಔಷಧ ಪಡೆದವರ ಕಡೆ 17.8, ಪಡೆಯದವರ ಕಡೆ 14.0. ಈ ಕೊನೆಯ ಅಂತರ ಸಂಖ್ಯಾಶಾಸ್ತ್ರದಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಆದರೆ ಲಾಭದ ಸುಳಿವಂತೂ ಇಲ್ಲ. ಒಂದೇ ವೈರಸ್, ಒಂದೇ ಗುಳಿಗೆ, ಮೂರು ಗುಂಪಿಗೆ ಮೂರು ಫಲ. ಲಾಭ ಎದ್ದು ಕಂಡದ್ದು ಲಕ್ಷಣ ಶುರುವಾಗಿ ಏಳು ದಿನ ದಾಟಿದವರಲ್ಲಿ. ನಿಮ್ಮ ಓಣಿಯವರು ಹತ್ತನೇ ದಿನ ವೆಂಟಿಲೇಟರ್ ಮೇಲಿದ್ದವರು. ಸ್ಟೆರಾಯ್ಡ್ ಅವರಿಗೇ ಹೇಳಿ ಮಾಡಿಸಿದಂತಿತ್ತು. 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಎರಡನೇ ದಿನವೇ ಔಷಧ ಅಂಗಡಿಯಿಂದ ಸ್ಟೆರಾಯ್ಡ್ ತಂದು ನುಂಗಿದವರು ಮೂರನೆಯ ಗುಂಪಿನವರು. ಆಮೇಲೆ ಬಂದ ಕಪ್ಪು ಶಿಲೀಂಧ್ರದ ಕಾಟದಲ್ಲಿ ಹತೋಟಿ ತಪ್ಪಿದ ಸಕ್ಕರೆಗೂ ಬೇಕಾಬಿಟ್ಟಿ ಸ್ಟೆರಾಯ್ಡಿಗೂ ದೊಡ್ಡ ಪಾಲಿತ್ತು.

ಹಾಗಾದರೆ ಕಾಕಾಗೆ ಯಾಕೆ ಕೊಡಲಿಲ್ಲ? ಫ್ಲೂ ನ್ಯುಮೋನಿಯಾದಲ್ಲಿ ಸ್ಟೆರಾಯ್ಡ್ ಪಡೆದವರಲ್ಲಿ ಸಾವು ಮತ್ತು ಎರಡನೇ ಸೋಂಕು ಹೆಚ್ಚು ಕಂಡಿವೆ. ಆ ಅಧ್ಯಯನಗಳು ಚೀಟಿ ಎತ್ತಿ ಹಂಚಿದ ಪ್ರಯೋಗಗಳಲ್ಲ, ಆದದ್ದನ್ನು ದಾಖಲೆಯಿಂದ ನೋಡಿದವು. ಹೆಚ್ಚು ಕಾಯಿಲೆ ಇದ್ದವರಿಗೇ ವೈದ್ಯರು ಸ್ಟೆರಾಯ್ಡ್ ಕೊಟ್ಟಿರಬಹುದು ಎಂಬ ತಕರಾರು ನ್ಯಾಯವಾದದ್ದೇ. ಆದರೂ ಎದುರು ಸಾಕ್ಷಿ ಗಟ್ಟಿಯಾಗಿ ಇಲ್ಲದಾಗ ಸಕ್ಕರೆ ಕಾಯಿಲೆಯ ರೋಗಿಗೆ, ನಾಲ್ಕನೇ ದಿನ, ವೈರಸ್ ಇನ್ನೂ ಬಿರುಸಾಗಿರುವಾಗ ಸ್ಟೆರಾಯ್ಡ್ ಕೊಡದೆ ತಡೆಯುವುದು ನನ್ನ ದೃಷ್ಟಿಯಲ್ಲಿ ಸರಿ. ತೀವ್ರ ನ್ಯುಮೋನಿಯಾಕ್ಕೆ ಹೈಡ್ರೊಕಾರ್ಟಿಸೋನ್ ಕೊಟ್ಟ ಫ್ರಾನ್ಸಿನ ಕೇಪ್ ಕಾಡ್ ಪ್ರಯೋಗದಲ್ಲಿ (2023) 28 ದಿನದ ಸಾವು ಶೇ. 11.9ರಿಂದ 6.2ಕ್ಕೆ ಇಳಿದದ್ದನ್ನು ಕೆಲವರು ಎತ್ತಿ ತೋರಿಸುತ್ತಾರೆ. ಆ ಪ್ರಯೋಗಕ್ಕೆ ಫ್ಲೂ ರೋಗಿಗಳನ್ನು ಸೇರಿಸಿಕೊಂಡಿರಲೇ ಇಲ್ಲ. ಇನ್ನೊಂದು ಮಾತು: ಬಿಪಿ ಎತ್ತುವ ಔಷಧ ಹೆಚ್ಚಿಸಿದರೂ ಶಾಕ್ (ಬಿಪಿ ಕುಸಿದು ಅಂಗಗಳಿಗೆ ರಕ್ತ ಸಾಲದ ಸ್ಥಿತಿ) ಬಗ್ಗದಿದ್ದರೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಕೊಡುವ ರೂಢಿ ಇದೆ. ಅದು ಶಾಕಿಗೆ ಕೊಡುವುದು, ಪುಪ್ಪುಸಕ್ಕೆ ಅಲ್ಲ.

ಈಗ ರಕ್ತ ಪರೀಕ್ಷೆಯ ಪ್ರಶ್ನೆ. 2014ರಲ್ಲಿ ಅಮೆರಿಕದ ಸಂಶೋಧಕರು ಎರಡು ಹಳೆಯ ದೊಡ್ಡ ಪ್ರಯೋಗಗಳ ರೋಗಿಗಳನ್ನು ಮತ್ತೆ ಲೆಕ್ಕಕ್ಕೆ ಹಾಕಿದರು. ಯಾರು ಬದುಕಿದರು ಎಂಬುದನ್ನು ಕಂಪ್ಯೂಟರಿಗೆ ತಿಳಿಸದೆ, ಸೇರಿದ ದಿನದ ಅಂಕಿಗಳಿಂದಲೇ ಗುಂಪು ಮಾಡಿಸಿದರು. ಎರಡರಲ್ಲೂ ಎರಡೇ ಗುಂಪು ಎದ್ದು ಬಂದವು. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳು ಉರಿಯೂತ ಹೆಚ್ಚಿರುವ ಗುಂಪಿನವರು: ಉರಿಯೂತದ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-8 ಏರಿವೆ, ರಕ್ತದ ಬೈಕಾರ್ಬೊನೇಟ್ ಮತ್ತು ಪ್ರೋಟೀನ್-ಸಿ ಇಳಿದಿವೆ, ಬಿಪಿಗೆ ಔಷಧದ ಆಸರೆ ಬೇಕಾಗಿದೆ. ಉಳಿದವರು ಉರಿಯೂತ ಕಡಿಮೆ ಇರುವವರು. ಒಂದು ಪ್ರಯೋಗದಲ್ಲಿ ಸಾವು ಮೊದಲ ಗುಂಪಿನಲ್ಲಿ ಶೇ. 44, ಎರಡನೆಯದರಲ್ಲಿ 23. ಬೆರಗಾಗುವ ಸಂಗತಿ ಅದಲ್ಲ. ವೆಂಟಿಲೇಟರಿನಲ್ಲಿ ಉಸಿರಿನ ಕೊನೆಗೂ ಪುಪ್ಪುಸದಲ್ಲಿ ಉಳಿಸುವ ಒತ್ತಡಕ್ಕೆ ಪೀಪ್ ಅನ್ನುತ್ತಾರೆ. ಇನ್ನೊಂದು ಪ್ರಯೋಗದಲ್ಲಿ ಹೆಚ್ಚು ಪೀಪ್ ಕೊಟ್ಟಾಗ ಉರಿಯೂತ ಹೆಚ್ಚಿನ ಗುಂಪಿನಲ್ಲಿ ಸಾವು 51ರಿಂದ 42ಕ್ಕೆ ಇಳಿಯಿತು, ಕಡಿಮೆ ಇರುವ ಗುಂಪಿನಲ್ಲಿ 16ರಿಂದ 24ಕ್ಕೆ ಏರಿತು. ಎಲ್ಲರನ್ನೂ ಒಟ್ಟು ಹಾಕಿ ನೋಡಿದ ಮೂಲ ಪ್ರಯೋಗ ‘ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ’ ಅಂದಿತ್ತು. ಜಮಾ-ಖರ್ಚು ಸರಿದೂಗಿ ಶಿಲ್ಕು ಸೊನ್ನೆ ಆದಂತೆ.

ದ್ರವದ ಲೆಕ್ಕವೂ ಹಾಗೇ ತಿರುಗಿತು. ದ್ರವದ ಬಗ್ಗೆ ನಡೆದ ಮತ್ತೊಂದು ಹಳೆಯ ಪ್ರಯೋಗದ 2017ರ ಮರುವಿಶ್ಲೇಷಣೆಯಲ್ಲಿ, ದ್ರವ ಬಿಗಿ ಹಿಡಿದಾಗ ಉರಿಯೂತ ಹೆಚ್ಚಿನವರಲ್ಲಿ ಸಾವು ಶೇ. 40, ಧಾರಾಳವಾಗಿ ಕೊಟ್ಟಾಗ 50. ಉರಿಯೂತ ಕಡಿಮೆ ಇದ್ದವರಲ್ಲಿ ಉಲ್ಟಾ: ಬಿಗಿ ಹಿಡಿದಾಗ 26, ಧಾರಾಳವಾದಾಗ 18. ಇದನ್ನು ಓದಿ ‘ಹಾಗಾದರೆ ಬಿಪಿ ಬಿದ್ದ ಕಾಕಾಗೆ ಸಲಾಯಿನ್ ಏರಿಸಿದ್ದು ತಪ್ಪು’ ಅನ್ನಬೇಡಿ. ಆ ಪ್ರಯೋಗದಲ್ಲಿ ಶಾಕ್ ಇರುವಷ್ಟು ಹೊತ್ತು ದ್ರವ ಕಡಿತದ ನಿಯಮವನ್ನು ಬದಿಗಿಡುತ್ತಿದ್ದರು. ಮೊದಲು ಬಿಪಿ, ಮೂತ್ರದ ಹರಿವು. ಶಾಕ್ ಇಳಿದು ಹನ್ನೆರಡು ತಾಸಾದ ಮೇಲೆ ನೀರು ಇಳಿಸುವ ಕೆಲಸ. ಕಾಕಾ ಅವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಮೂರನೇ ನಾಲ್ಕನೇ ದಿನದ ಹೊತ್ತಿಗೆ ಫ್ಯೂರೊಸೆಮೈಡ್ (ಮೂತ್ರ ಹೆಚ್ಚಿಸಿ ನೀರು ಇಳಿಸುವ ಔಷಧ) ಹೆಸರು ಇದೆಯೇ ನೋಡಿ. ಇದ್ದರೆ ಅದೇ ಲೆಕ್ಕ.

ಈ ಗುಂಪನ್ನು ಹೇಳುವ ಒಂದೇ ಪರೀಕ್ಷೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾವ ಲ್ಯಾಬಿನ ದರಪಟ್ಟಿಯಲ್ಲೂ ಹುಡುಕಬೇಡಿ. ಮೂರ್ನಾಲ್ಕು ಅಂಶಗಳನ್ನು ಒಂದು ಸೂತ್ರಕ್ಕೆ ಹಾಕಿ ತೆಗೆಯುವ ಲೆಕ್ಕ ಅದು, ಇನ್ನೂ ಸಂಶೋಧನೆಯ ಮಟ್ಟದಲ್ಲಿದೆ. ಮೇಲೆ ಹೇಳಿದ ಫಲಗಳೂ ಹಳೆಯ ಪ್ರಯೋಗಗಳನ್ನು ಹಿಂದಕ್ಕೆ ತಿರುಗಿ ನೋಡಿ ತೆಗೆದವು. ಉರಿಯೂತ ಹೆಚ್ಚಿನ ಗುಂಪಿನಲ್ಲಿ ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಲಾಭ ತೋರಿಸಿತು, ಅದೇ ಕುಲದ ರೋಸುವಾಸ್ಟಾಟಿನ್ ತೋರಿಸಲಿಲ್ಲ. ಎಷ್ಟು ಎಚ್ಚರ ಬೇಕು ಎಂಬುದಕ್ಕೆ ಇದೊಂದೇ ಸಾಕು. ಮನೆಯವರನ್ನು ಓಡಾಡಿಸಿ ಸಾವಿರಾರು ರೂಪಾಯಿ ಕೊಟ್ಟು ಮಾಡಿಸುವ ಒಂಟಿ ಇಂಟರ್‌ಲ್ಯೂಕಿನ್-6 ಪರೀಕ್ಷೆ ಈ ಗುಂಪನ್ನು ಹೇಳುವುದಿಲ್ಲ. ದಿನಾ ಫೆರಿಟಿನ್, ದಿನಾ ಡಿ-ಡೈಮರ್ ಕೂಡ ಹೆಚ್ಚಿನ ಸಲ ಬಿಲ್ಲಿಗೆ ಬಂದಷ್ಟು ಚಿಕಿತ್ಸೆಗೆ ಬರುವುದಿಲ್ಲ. ಉರಿಯೂತ ತೋರಿಸುವ ಸಿಆರ್‌ಪಿ ರಕ್ತ ಪರೀಕ್ಷೆಗೆ ಒಂದು ಖಚಿತ ಉಪಯೋಗ ಇದೆ: ರಿಕವರಿ ಪ್ರಯೋಗದಲ್ಲಿ ಟೊಸಿಲಿಝುಮಾಬ್ (ಇಂಟರ್‌ಲ್ಯೂಕಿನ್-6 ತಡೆಯುವ ಔಷಧ) ಕೊಟ್ಟದ್ದು ಆಕ್ಸಿಜನ್ ಕೊರತೆಯ ಜೊತೆಗೆ ಸಿಆರ್‌ಪಿ ಲೀಟರಿಗೆ 75 ಮಿಲಿಗ್ರಾಂ ಅಥವಾ ಮೇಲಿದ್ದ ಕೋವಿಡ್ ರೋಗಿಗಳಿಗೆ. ಅಲ್ಲಿ ಸಾವು ಶೇ. 35ರಿಂದ 31ಕ್ಕೆ ಇಳಿಯಿತು. ಡೋಸ್ ಕಿಲೋಗೆ 8 ಮಿಲಿಗ್ರಾಂ, 800 ದಾಟಬಾರದು. ಟಿಬಿ ಮತ್ತು ಹೆಪಟೈಟಿಸ್-ಬಿ ನೋಡದೆ ಹಾಕಬಾರದು. ನಮ್ಮ ಕಡೆ ಘಟಕಗಳಲ್ಲಿ ವೈದ್ಯರು ದಿನನಿತ್ಯ ನೋಡುವುದು ಎಬಿಜಿಯಲ್ಲಿ (ಅಪಧಮನಿಯ ರಕ್ತದ ಅನಿಲ ಪರೀಕ್ಷೆ) ಬೈಕಾರ್ಬೊನೇಟ್ ಮತ್ತು ಲ್ಯಾಕ್ಟೇಟ್, ಬಿಪಿ ಎತ್ತುವ ನಾರ್‌ಅಡ್ರಿನಲಿನ್ ಎಷ್ಟು ಓಡುತ್ತಿದೆ, ಪ್ಲೇಟ್‌ಲೆಟ್, ಬಿಲಿರುಬಿನ್, ಕ್ರಿಯಾಟಿನಿನ್. ಬೈಕಾರ್ಬೊನೇಟ್ ಇಳಿಯುತ್ತ ಬಿಪಿ ಔಷಧ ಏರುತ್ತ ಹೋಗುವ ರೋಗಿ ಯಾವ ಕಡೆಯವನು ಎಂದು ಅನುಭವಿಗಳಿಗೆ ಹೊಳೆಯುತ್ತದೆ. ಅದು ಅಂದಾಜು, ಆ ಸೂತ್ರಕ್ಕೆ ಬದಲಿ ಅಲ್ಲ.

ಹಾಸಿಗೆ ಪಕ್ಕದಲ್ಲೇ, ಖರ್ಚಿಲ್ಲದೆ ಆಗುವ ವಿಂಗಡಣೆ ಪುಪ್ಪುಸದ ಆಕಾರ ಮತ್ತು ಬಿಗಿತದ್ದು. ಘಟಪ್ರಭಾ ಕಾಲುವೆ ಕೆಳಗಿನ ಹೊಲ ಇದ್ದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಕೆಲವು ಹೊಲದಲ್ಲಿ ಒಂದು ಮೂಲೆ ಮಾತ್ರ ಜವಳು ಹಿಡಿದಿರುತ್ತದೆ, ಉಳಿದದ್ದು ಹದವಾಗಿರುತ್ತದೆ. ಕೆಲವು ಹೊಲ ಪೂರ್ತಿ ಜವಳು. ಪುಪ್ಪುಸವೂ ಹಾಗೇ. ಕೆಳಭಾಗ ಮಾತ್ರ ಮುಚ್ಚಿಕೊಂಡ ಪುಪ್ಪುಸಕ್ಕೆ ಪೀಪ್ ಏರಿಸಿದರೆ ಮುಚ್ಚಿದ್ದು ತೆರೆಯುವ ಬದಲು ಹದವಾಗಿದ್ದ ಭಾಗ ಅತಿಯಾಗಿ ಹಿಗ್ಗಿ ಹಾಳಾಗುತ್ತದೆ. ಎಲ್ಲ ಕಡೆ ಹರಡಿದ್ದರೆ ಪೀಪ್ ಏರಿಸುವುದಕ್ಕೆ ಅರ್ಥ ಇದೆ. ಈ ವಿಂಗಡಣೆಯಂತೆ ವೆಂಟಿಲೇಟರ್ ನಡೆಸಿ ನೋಡಿದ ಫ್ರಾನ್ಸಿನ ಲೈವ್ ಪ್ರಯೋಗ (2019) ಒಟ್ಟಾರೆ ಲಾಭ ತೋರಿಸಲಿಲ್ಲ. ಕಾರಣ ಕಲಿಯುವಂಥದ್ದು: ಶೇ. 21 ರೋಗಿಗಳನ್ನು ತಪ್ಪು ಗುಂಪಿಗೆ ಹಾಕಿದ್ದರು, ಆ ತಪ್ಪು ಗುಂಪಿನ ಚಿಕಿತ್ಸೆ ಪಡೆದವರಲ್ಲಿ ಸಾವು ಹೆಚ್ಚಿತ್ತು. ಮಲಗಿದಲ್ಲೇ ತೆಗೆದ ಎಕ್ಸ್‌ರೇ ಒಂದನ್ನೇ ನಂಬಿ ಗುಂಪು ನಿರ್ಧರಿಸಿದರೆ ಹೀಗಾಗುತ್ತದೆ. ಸಿಟಿ ಇಲ್ಲವೇ ಒಳ್ಳೆಯ ಅಲ್ಟ್ರಾಸೌಂಡ್ ಜೊತೆಗಿರಬೇಕು, ಪೀಪ್ ಬದಲಿಸಿ ಫಲ ಏನಾಯಿತೆಂದು ಅಳೆಯಬೇಕು.

ಅಳೆಯುವುದು ಹೀಗೆ. ಉಸಿರು ತುಂಬಿದ ಕೊನೆಯಲ್ಲಿ ಕ್ಷಣಹೊತ್ತು ಹಿಡಿದರೆ ಸಿಗುವುದು ಪ್ಲ್ಯಾಟೊ ಒತ್ತಡ. ಅದರಲ್ಲಿ ಪೀಪ್ ಕಳೆದರೆ ಡ್ರೈವಿಂಗ್ ಪ್ರೆಷರ್. ಪ್ಲ್ಯಾಟೊ 24, ಪೀಪ್ 10 ಅಂದರೆ 14. ಪ್ಲ್ಯಾಟೊ 30ರ ಒಳಗೆ, ಡ್ರೈವಿಂಗ್ ಪ್ರೆಷರ್ 15ರ ಒಳಗೆ ಇಡುವುದು ಗುರಿ. ಪೀಪ್ ಏರಿಸಿದಾಗ ಡ್ರೈವಿಂಗ್ ಪ್ರೆಷರ್ ಇಳಿದರೆ ಪುಪ್ಪುಸ ತೆರೆಯುತ್ತಿದೆ. ಅದೂ ಏರಿ ಬಿಪಿ ಕುಸಿದರೆ ಹಿಗ್ಗಿ ಕೆಡುತ್ತಿದೆ, ಪೀಪನ್ನು ಹಿಂದಕ್ಕೆ ಇಳಿಸಬೇಕು. 2020ರಲ್ಲಿ ಕೋವಿಡ್ ಪುಪ್ಪುಸಗಳನ್ನು ‘ಎಲ್’ ಮತ್ತು ‘ಎಚ್’ ಎಂದು, ಮೆತ್ತನೆಯವು ಮತ್ತು ಬಿಗಿಯವು ಅಂತ, ಎರಡು ಮಾಡಿದ್ದರು. ಆಮೇಲೆ ಸಾವಿರಾರು ರೋಗಿಗಳ ಅಂಕಿ ನೋಡಿದಾಗ ನಡುವೆ ಗೆರೆ ಎಲ್ಲೂ ಕಾಣಲಿಲ್ಲ, ಮೆತ್ತನೆಯದರಿಂದ ಬಿಗಿಯವರೆಗೆ ಒಂದೇ ಇಳಿಜಾರು.

ಡಬ್ಬ ಮಲಗಿಸುವ ವಿಷಯದಲ್ಲಿ ಗೊಂದಲ ಇಲ್ಲ. 2013ರ ಪ್ರೊಸೆವಾ ಪ್ರಯೋಗಕ್ಕೆ ತೆಗೆದುಕೊಂಡದ್ದು ಶೇ. 60 ಆಕ್ಸಿಜನ್ ಕೊಟ್ಟರೂ ಪಿಎಫ್ 150ರ ಕೆಳಗೆ ಇದ್ದ, ವೆಂಟಿಲೇಟರ್ ಮೇಲಿನ ರೋಗಿಗಳನ್ನು. ಒಂದು ಸರದಿಗೆ ಕನಿಷ್ಠ 16 ತಾಸು ಬೋರಲು ಮಲಗಿಸಿದಾಗ 28 ದಿನದ ಸಾವು ಶೇ. 32.8ರಿಂದ 16ಕ್ಕೆ ಇಳಿಯಿತು. ಪಿಎಫ್ 110ರವರು ಆ ಗೆರೆಯ ಕೆಳಗಿದ್ದರು, 190ರ ಕಾಕಾ ಮೇಲಿದ್ದರು. ಜನ ಕೇಳುವಂತೆ ‘ಎರಡು ತಾಸು ಮಲಗಿಸಿ ನೋಡೋಣ’ ಅನ್ನುವುದರಿಂದ ಈ ಲಾಭ ಸಿಗದು. ಮಗ್ಗುಲು ಬದಲಿಸಲು ನಾಲ್ಕೈದು ಮಂದಿ ಬೇಕು, ಅವರಲ್ಲಿ ಒಬ್ಬರ ಕೈ ಟ್ಯೂಬಿನ ಮೇಲೇ ಇರಬೇಕು. ತಿರುಗಿಸುವ ಮೊದಲು ರೈಲ್ಸ್ ಟ್ಯೂಬಿನ ಆಹಾರ ನಿಲ್ಲಿಸಬೇಕು. ಕೆನ್ನೆ, ಹಣೆ, ಮೊಣಕಾಲಿಗೆ ಮೆತ್ತೆ ಇಡದಿದ್ದರೆ ಮರುದಿನ ಹುಣ್ಣು ಖಂಡಿತ.

ರಕ್ತ ತಿಳಿ ಮಾಡುವ ಹೆಪಾರಿನ್ ವಿಷಯವೂ ಗುಂಪಿನದೇ. ಕೋವಿಡ್ ವಾರ್ಡಿನ ರೋಗಿಗಳಿಗೆ ಪೂರ್ಣ ಡೋಸ್ ಹೆಪಾರಿನ್ ನೆರವಾಯಿತು. ಐಸಿಯು ಸೇರಿದ ಮೇಲೆ ಕೊಟ್ಟರೆ ಆಗಲಿಲ್ಲ, ರಕ್ತಸ್ರಾವ ಹೆಚ್ಚಿತು (2021). ಹೆಪ್ಪು ಗಟ್ಟಿದ್ದು ಸ್ಕ್ಯಾನಿನಲ್ಲಿ ಕಂಡವರ ಮಾತು ಬೇರೆ.

ಗುಂಪು ಒಂದೇ ಸಲ ಮಾಡಿ ಮುಗಿಯುವುದಿಲ್ಲ. ಫ್ಲೂ ರೋಗಿ ಸುಧಾರಿಸುತ್ತಿದ್ದು ಐದಾರನೇ ದಿನ ಮತ್ತೆ ಜ್ವರ, ಕಫ ಹಳದಿಯಾಯಿತು ಅಂದರೆ ಸ್ಟ್ಯಾಫಿಲೊಕಾಕಸ್ ಅಥವಾ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಫ್ಲೂ, ಕೋವಿಡ್ ಎರಡರ ಮೇಲೂ ಆಸ್ಪರ್ಜಿಲಸ್ ಶಿಲೀಂಧ್ರ ಏರುವುದುಂಟು. ಸ್ಟೆರಾಯ್ಡ್ ಮೇಲಿರುವವರ ಸಕ್ಕರೆಯನ್ನು ನಾಲ್ಕಾರು ತಾಸಿಗೊಮ್ಮೆ ನೋಡಿ ಇನ್ಸುಲಿನ್‌ನಿಂದ 140–180ರಲ್ಲಿ ಇಡಬೇಕು. ಬರಿಗಾಲಲ್ಲಿ ಗದ್ದೆ-ಹೊಲದಲ್ಲಿ ದುಡಿಯುವವರಿಗೆ ಸ್ಟೆರಾಯ್ಡ್ ಶುರು ಮಾಡುವಾಗ ಐವರ್‌ಮೆಕ್ಟಿನ್ ಕೊಡಲು ಕಾರಣ ಸ್ಟ್ರಾಂಗಿಲಾಯ್ಡಿಸ್ ಎಂಬ ಕರುಳಿನ ಹುಳು. ಸ್ಟೆರಾಯ್ಡ್ ಬಿದ್ದರೆ ಅದು ಮೈಯೆಲ್ಲ ಹರಡುತ್ತದೆ. ವೈರಸ್ಸಿಗೂ ಆ ಗುಳಿಗೆಗೂ ಸಂಬಂಧವಿಲ್ಲ.

ಇನ್ನು ನಿಮ್ಮ ತಂಗಿಯವರಿಗೆ. ಎಬಿಜಿ ಯಂತ್ರ ಇಲ್ಲದಿದ್ದರೂ ಪಲ್ಸ್ ಆಕ್ಸಿಮೀಟರ್ ಸಾಕು. ಸಾಧಾರಣ ಮಾಸ್ಕ್ ಅಥವಾ ಮೂಗಿನ ನಳಿಕೆಯಲ್ಲಿ ಕೊಡುವ ಆಕ್ಸಿಜನ್ ಭಾಗದ ಅಂದಾಜು: 0.21ಕ್ಕೆ ಪ್ರತಿ ಲೀಟರಿಗೆ 0.03 ಕೂಡಿಸಿ. ನಿಮಿಷಕ್ಕೆ 6 ಲೀಟರ್ ಅಂದರೆ 0.39. ಸ್ಯಾಚುರೇಶನ್ 90 ಇದ್ದರೆ 90 ಭಾಗಿಸು 0.39, ಸುಮಾರು 230. ಇದು 315 ಅಥವಾ ಕೆಳಗಿದ್ದರೆ ಹೊಸ ಜಾಗತಿಕ ವ್ಯಾಖ್ಯೆಯಲ್ಲಿ ಎಆರ್‌ಡಿಎಸ್ ಅಂತ ಅನುಮಾನಿಸಬಹುದು. ಟ್ಯೂಬ್ ಹಾಕಿದವರಲ್ಲಿ 148 ಅಥವಾ ಕೆಳಗಿದ್ದರೆ ತೀವ್ರ. ಸ್ಯಾಚುರೇಶನ್ 97 ದಾಟಿದ್ದಾಗ ಈ ಲೆಕ್ಕ ಸುಳ್ಳು ಹೇಳುತ್ತದೆ, ಯಾಕೆಂದರೆ ಅಲ್ಲಿಂದಾಚೆ ರಕ್ತದ ಆಕ್ಸಿಜನ್ ಎಷ್ಟೇ ಏರಿದರೂ ಮೀಟರ್ ಹೆಚ್ಚು ತೋರಿಸುವುದಿಲ್ಲ. ಆಕ್ಸಿಜನ್ ಇಳಿಸಿ 92–96ಕ್ಕೆ ತಂದು ಅಳೆಯಬೇಕು. ಉಗುರಿನ ಮೆಹಂದಿ, ಬಣ್ಣ, ತಣ್ಣಗಾದ ಬೆರಳು ಕೂಡ ಮೀಟರನ್ನು ದಾರಿ ತಪ್ಪಿಸುತ್ತವೆ.

ಮೂಗಿನ ನಳಿಕೆಯಲ್ಲಿ ಜೋರಾಗಿ ಆಕ್ಸಿಜನ್ ಹಾಯಿಸುವ ಹೈ ಫ್ಲೋ ಯಂತ್ರದ ಮೇಲಿದ್ದರೆ ರಾಕ್ಸ್ ಸೂಚ್ಯಂಕ ನೋಡಲಿ: ಮೇಲಿನ ಭಾಗಲಬ್ಧವನ್ನು ಉಸಿರಿನ ವೇಗದಿಂದ ಮತ್ತೆ ಭಾಗಿಸಬೇಕು. 90 ಭಾಗಿಸು 0.6, ಅಂದರೆ 150. ಉಸಿರು 30 ಇದ್ದರೆ 5.0, 36 ಇದ್ದರೆ 4.2. ಎರಡು, ಆರು, ಹನ್ನೆರಡನೇ ತಾಸಿನಲ್ಲಿ 4.88 ಅಥವಾ ಮೇಲಿದ್ದರೆ ಸ್ವಲ್ಪ ಕಾಯಬಹುದು. ಆರನೇ ತಾಸಿಗೆ 3.47ಕ್ಕಿಂತ, ಹನ್ನೆರಡಕ್ಕೆ 3.85ಕ್ಕಿಂತ ಕೆಳಗಿದ್ದರೆ ಟ್ಯೂಬ್ ತಡ ಮಾಡಬಾರದು. ಉಸಿರನ್ನು ಮಾನಿಟರಿನಿಂದ ಓದಬೇಡಿ; ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹತ್ತು ಸೆಕೆಂಡ್ ಎಣಿಸಿ ಆರರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ಆರಾಗುತ್ತದೆ, ಸೂಚ್ಯಂಕ ಗೆರೆ ದಾಟಿಬಿಡುತ್ತದೆ.

ಸಾಗಿಸುವ ಮೊದಲು ಸಿಲಿಂಡರಿನ ಲೆಕ್ಕ. ಜಮಖಂಡಿಯಿಂದ ಬೆಳಗಾವಿಗೆ ಮೂರು ತಾಸು ಹಿಡಿಯಿರಿ. ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ತಾಸಿಗೆ ಖಾಲಿ. ದೊಡ್ಡ ಡಿ ಟೈಪಿನಲ್ಲಿ 7000 ಲೀಟರ್ ಇದ್ದರೂ ಹೈ ಫ್ಲೋ 60 ಲೀಟರ್, ಶೇ. 90 ಆಕ್ಸಿಜನ್ನಿನಲ್ಲಿ ಓಡಿದರೆ ನಿಮಿಷಕ್ಕೆ 52 ಲೀಟರ್ ಉಣ್ಣುತ್ತದೆ, ಎರಡು ಕಾಲು ತಾಸಿಗೆ ಮುಗಿಯುತ್ತದೆ. ಇಂಥ ರೋಗಿಯನ್ನು ಬಾಗಲಕೋಟೆಗೋ ವಿಜಯಪುರಕ್ಕೋ ಕಳಿಸುವುದು ಜಾಣತನ, ಇಲ್ಲವೇ ಲೆಕ್ಕ ಹಾಕಿ ಒಂದೂವರೆ ಪಟ್ಟು ಆಕ್ಸಿಜನ್ ಗಾಡಿಯಲ್ಲಿರಬೇಕು.

ಜೊತೆಗೆ ಕಳಿಸುವ ಚೀಟಿಯಲ್ಲಿ ಮೊದಲ ಲಕ್ಷಣ ಕಂಡ ತಾರೀಖು ಇರಲಿ. ‘ನಾಲ್ಕೈದು ದಿನದಿಂದ ಜ್ವರ’ ಅನ್ನುವುದು ಕೆಲಸಕ್ಕೆ ಬಾರದು. ಎಷ್ಟು ಲೀಟರಿಗೆ ಎಷ್ಟು ಸ್ಯಾಚುರೇಶನ್, ಉಸಿರು, ಬಿಪಿ, ಸಕ್ಕರೆ, ಮೂತ್ರದ ಪ್ರಮಾಣ, ಸ್ಟೆರಾಯ್ಡ್ ಅಥವಾ ಒಸೆಲ್ಟಾಮಿವಿರ್ ಕೊಟ್ಟಿದ್ದರೆ ಮೊದಲ ಡೋಸಿನ ಹೊತ್ತು ಬರೆಯಲಿ. ಊರಲ್ಲಿ ಮೊದಲು ನೋಡಿದವರು ಸೂಜಿ ಹಾಕಿದ್ದರೆ ಅದು ಏನೆಂದು ಮನೆಯವರನ್ನು ಕೇಳಿ ಬರೆಯಲಿ. ಅದರಲ್ಲಿ ಡೆಕ್ಸಾಮೆಥಾಸೋನ್ ಇರುವುದು ಅಪರೂಪವಲ್ಲ.

ಮತ್ತೆ ಎತ್ತರ. ಇದನ್ನು ಬಹುತೇಕ ಯಾರೂ ಬರೆಯುವುದಿಲ್ಲ. ವೆಂಟಿಲೇಟರ್ ಕೊಡುವ ಒಂದೊಂದು ಉಸಿರಿನ ಗಾತ್ರ ನಿಂತಿರುವುದು ಎತ್ತರದ ಮೇಲೆ, ಮೈತೂಕದ ಮೇಲಲ್ಲ. ಊಟ ಹೆಚ್ಚಾಗಿ ಹೊಟ್ಟೆ ಬಂದರೆ ಪುಪ್ಪುಸ ಬೆಳೆಯುವುದಿಲ್ಲ. ಸೆಂಟಿಮೀಟರಿನಲ್ಲಿ ಎತ್ತರದಿಂದ 152.4 ಕಳೆದು 0.91ರಿಂದ ಗುಣಿಸಿ, ಗಂಡಸರಿಗೆ 50, ಹೆಂಗಸರಿಗೆ 45.5 ಕೂಡಿಸಬೇಕು. 165 ಸೆಂಟಿಮೀಟರಿನ ಗಂಡಸಿಗೆ ಸುಮಾರು 61.5 ಕಿಲೋ, ಕಿಲೋಗೆ 6 ಮಿಲಿಲೀಟರಿನಂತೆ ಒಂದು ಉಸಿರು 370. ಅದೇ ರೋಗಿ 85 ಕಿಲೋ ತೂಗುತ್ತಾನೆಂದು ಆ ತೂಕ ಹಿಡಿದರೆ 510 ಆಗುತ್ತದೆ, ಅಂದರೆ ಅವನ ಪುಪ್ಪುಸದ ಅಳತೆಗೆ ಕಿಲೋಗೆ 8ಕ್ಕೂ ಮೇಲೆ. ಇಂಥ ಸಣ್ಣ ಉಸಿರೇ 2000ನೇ ಇಸವಿಯ ದೊಡ್ಡ ಪ್ರಯೋಗದಲ್ಲಿ ಸಾವನ್ನು ಶೇ. 39.8ರಿಂದ 31ಕ್ಕೆ ಇಳಿಸಿದ್ದು. ಅದಕ್ಕೆ ಯಾವ ಗುಂಪೂ ನೋಡಬೇಕಾಗಿಲ್ಲ, ಎಲ್ಲರಿಗೂ ಬೇಕು. ರೋಗಿಯನ್ನು ನೆಟ್ಟಗೆ ಮಲಗಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ದರ್ಜಿಯ ಟೇಪಿನಲ್ಲಿ ಅಳೆದು ಚೀಟಿಯ ಮೇಲುಗಡೆ ಬರೆದರೆ ಸಾಕು.